ಘಾಟಿಯ ಇಳಿಜಾರಿನಲ್ಲಿ ಹತ್ತಿದ ದೀಪ

ಬ್ರೇಕ್ ಪ್ಯಾಡ್ ಹೊಸದಾಗಿ ಹಾಕಿಸಿದ ಮೇಲೆ ಗಂಗಾಂಬಿಕಾಳ ಕಾರಿನಲ್ಲಿ ಬ್ರೇಕಿನ ಕೆಂಪು ದೀಪ ಹತ್ತತೊಡಗಿತು. ಅದೂ ಸಂಡೂರಿನಿಂದ ಹೊಸಪೇಟೆಗೆ ಬರುವಾಗ, ಘಾಟಿಯ ಒಂದೇ ತಿರುವಿನಲ್ಲಿ. ಹೋದ ವರ್ಷ ಅವಳ ಗಂಡ ಮರಿಸ್ವಾಮಿ ಅದಿರಿನ ಲಾರಿಗೆ ಸಿಕ್ಕಿ ಸತ್ತದ್ದು ಅಲ್ಲೇ. ದೀಪ ಹತ್ತಿದಾಗಲೆಲ್ಲ ಅವಳು ಕಾರನ್ನು ಬದಿಗೆ ನಿಲ್ಲಿಸಿ, "ಹೇಳ್ರಿ, ಇಲ್ಲೇ ಅದೀನಿ" ಎನ್ನುತ್ತಿದ್ದಳು.

ಒಂದು ದಿನ ಮೆಕ್ಯಾನಿಕ್ ಮುರುಗೇಶನನ್ನು ಜೊತೆಗೆ ಕರೆದೊಯ್ದಳು. ಅದೇ ತಿರುವಿನಲ್ಲಿ ದೀಪ ಹತ್ತಿತು. ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಅದೇ ದೀಪ ಹತ್ತುತ್ತದೆ; ಆದರೆ ಅದು ಪೂರ್ತಿ ಇಳಿದೇ ಇತ್ತು. ಅವನು ಬಾನೆಟ್ ಎತ್ತಿ, ಚಕ್ರಗಳ ಬಳಿ ಬಗ್ಗಿ ನೋಡಿದ.

"ಎಲ್ಲೂ ಸೋರಿಲ್ರೀ ಅಕ್ಕಾರ. ಪ್ಯಾಡ್ ಹಾಕುವಾಗ ಬ್ರೇಕ್ ಆಯಿಲ್ ತೆಗೆದಿದ್ದೆ, ವಾಪಸ್ ಪೂರಾ ತುಂಬಿಲ್ಲ, ನಂದೇ ತಪ್ಪು. ಇಲ್ಲಿ ಇಳಿಜಾರು ಭಾಳ. ಇರೋ ಆಯಿಲ್ ಮುಂದಕ್ಕ ಸರಿದ್ರ, ಆಯಿಲ್ ಕಡಿಮಿ ಐತಿ ಅಂತ ದೀಪ ಹತ್ತತೈತಿ."

"ಅಷ್ಟೇ ಏನು?"

"ಅಷ್ಟೇ ರೀ."

ಅವನು ಆಯಿಲ್ ತುಂಬಿಸಿಕೊಟ್ಟ. ಮರುದಿನ ಆ ತಿರುವಿನಲ್ಲಿ ದೀಪ ಹತ್ತಲಿಲ್ಲ. ಆದರೂ ಗಂಗಾಂಬಿಕಾ ಕಾರು ನಿಲ್ಲಿಸಿದಳು.

"ಸಿಟ್ಟು ಬಂತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಲಾರಿಗಳು ಹಾರ್ನ್ ಹೊಡೆಯುತ್ತ ದಾಟಿಹೋದವು. ಕೆಂಪು ಧೂಳು ಗಾಜನ್ನು ಪೂರ್ತಿ ಮುಚ್ಚುವವರೆಗೂ ಅವಳು ಉತ್ತರಕ್ಕೆ ಕಾದಳು.