ಎರಡನೇ ಕಾರ್ಡು

ಕಟ್ಟಡಗಳ ನಕ್ಷೆ ಮಾಡುವ ಇಂಜಿನಿಯರು ತಮ್ಮ ದುಬಾರಿ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕೆಂದು ಹಟ ಹಿಡಿದಿದ್ದರು.

"ಈ ಕ್ಯಾಬಿನೆಟ್ಟಲ್ಲಿ ಎರಡು ಹಾಕಿದ್ರೆ ಮೇಲಿನದಕ್ಕೆ ಗಾಳಿಯಾಡದೆ ಉಸಿರು ಕಟ್ಟುತ್ತೆ, ಸಾರ್," ಎಂದ ಮೆಕ್ಯಾನಿಕ್.

"ಏಳನೇ ಕ್ಲಾಸ್ ಫೇಲು, ಇಂಜಿನಿಯರಿಗೇ ಪಾಠ ಹೇಳ್ತಾನೆ!" ಅಂಗಡಿ ಮಾಲೀಕ ನಕ್ಕ. "ಬಾಯಿ ಮುಚ್ಕೊಂಡು ಹಾಕು, ಇಲ್ಲಾ ಮನೆಗೆ ನಡಿ."

ಮೆಕ್ಯಾನಿಕ್‌ಗೆ ಮೈಯೆಲ್ಲ ಉರಿಯಿತು. ಎರಡನ್ನೂ ಕೂರಿಸಿ ಅರ್ಧ ಗಂಟೆ ಓಡಿಸಿದ.

"ಮೇಲಿನದರ ಬೆನ್ನು ಮುಟ್ಟಿ ನೋಡಿ, ಸಾರ್."

ಇಂಜಿನಿಯರು ಮುಟ್ಟಿದವರೇ ಬೆರಳು ಕೊಡವಿಕೊಂಡರು. "ಒಂದೇ ಸಾಕಪ್ಪ."

ಒಂದು ಕಾರ್ಡಿನ ವ್ಯಾಪಾರ ಕೈತಪ್ಪಿ ಮಾಲೀಕನ ಮುಖ ಕಪ್ಪಿಟ್ಟಿತು. "ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಮೆಕ್ಯಾನಿಕ್ ಎರಡನೇ ಕಾರ್ಡು ಕಳಚಿ ಡಬ್ಬಿಗೆ ಹಾಕಿದ. ಉಳಿದದ್ದನ್ನು ಭದ್ರವಾಗಿ ಬಿಗಿದು, ಅದು ತಣ್ಣಗೆ ಓಡುವುದನ್ನು ಕೈಯಿಟ್ಟು ನೋಡಿದ ಮೇಲೆಯೇ ಅಂಗಡಿಯ ಮೆಟ್ಟಿಲಿಳಿದ.