ಭದ್ರ ಬಾಗಿಲಿನ ಪಟ್ಟಿ

ಬೀಗದಕ್ಕನ ಅಂಗಡಿ ಅಂದರೆ ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗಿನ ಒಂದು ಗೂಡು. ಅವಳು ಕೂತರೆ ಗಿರಾಕಿ ನಿಲ್ಲಬೇಕು. ಅಪ್ಪ ಬಿಟ್ಟುಹೋದ ಅರಗಳು, ಮೊಳೆಗೆ ನೇತುಹಾಕಿದ, ಇನ್ನೂ ಹಲ್ಲು ಕಡೆಯದ ಕೀಲಿಕೈಗಳು, ಇಷ್ಟೇ ಆಸ್ತಿ. ಆದರೂ ಬಡಾವಣೆಯಲ್ಲಿ ಕೀಲಿಕೈ ಕಳೆದುಕೊಂಡವರು ಅವಳನ್ನು ಕರೆಯಲು ಎರಡು ಸಲ ಯೋಚಿಸುತ್ತಿರಲಿಲ್ಲ. ಬಾಗಿಲು ತೆಗೆದುಕೊಟ್ಟು, ಒಳಗೆ ಇಣುಕಿಯೂ ನೋಡದೆ ಬೆನ್ನು ತಿರುಗಿಸುವವಳು ಎಂದು ಹೆಸರು. ಆ ಕಸುಬಿನಲ್ಲಿ ಹೆಸರೇ ಅನ್ನ. ಅದು ಹೋದರೆ ಅರಗಳನ್ನು ಗುಜರಿಗೆ ಹಾಕಬೇಕು, ಅಷ್ಟೆ.

ಆ ವರ್ಷ ಹಾಡಹಗಲೇ ಕಳ್ಳತನ ಹೆಚ್ಚಾಯಿತು. ನಗರಸಭೆಯವರೂ ಪೊಲೀಸರೂ ಕೈಜೋಡಿಸಿ 'ಭದ್ರ ಬಾಗಿಲು' ಎಂಬ ಯೋಜನೆ ತಂದರು. ಬೀಗ ನಗರಸಭೆಯದು, ಮನೆಮನೆ ತಪಾಸಣೆ ಪೊಲೀಸರದು, ಬಾಗಿಲಿಗೆ ಕೂರಿಸುವ ಕೆಲಸ ಬೀಗದಕ್ಕನದು. ಅವಳನ್ನು ಇದಕ್ಕೆ ಎಳೆದವನು ಅವಳ ಒಡಹುಟ್ಟಿದ ತಮ್ಮ, ಅದೇ ಠಾಣೆಯ ಪೇದೆ.

"ಅಕ್ಕ, ನನ್ನ ಯೂನಿಫಾರ್ಮ್ ನೋಡಿದ್ರೆ ಜನ ಬಾಗಿಲು ಹಾಕ್ಕೋತಾರೆ, ನಿನ್ನ ಮುಖ ನೋಡಿದ್ರೆ ತೆಗೀತಾರೆ. ನೀನು ಜೊತೆಗಿರು" ಅಂದ.

ತಮ್ಮ ಕರೆದರೆ ಇಲ್ಲವೆನ್ನುವ ಜೀವವೇ ಅಲ್ಲ ಅದು. ಪೊಲೀಸ್ ಆಯ್ಕೆಗೆ ಅವನು ಓಡಿ ಓಡಿ ಅಭ್ಯಾಸ ಮಾಡುವಾಗ ಮೈದಾನದ ಅಂಚಿನಲ್ಲಿ ಗಡಿಯಾರ ಹಿಡಿದು ನಿಂತವಳು ಇವಳೇ.

ಮೂರು ವಾರ ಇಬ್ಬರೂ ಬಾಗಿಲು ತಟ್ಟಿದರು. ಅವಳು ಒಂದೊಂದನ್ನೂ ಅಲುಗಾಡಿಸಿ ನೋಡಿ ಬರೆದುಕೊಂಡಳು: ಮನೆ ನಂಬರ್ ಹದಿನಾಲ್ಕು, ಹಿಂಬಾಗಿಲ ಚಿಲಕ ಸಡಿಲ. ಇಪ್ಪತ್ತೊಂದು, ಕಿಟಕಿಯಿಂದ ಕೈ ತೂರಿಸಿದರೆ ಅಗುಳಿ ಸಿಗುತ್ತದೆ. ಅಲ್ಲಿ ಟೀಚರಮ್ಮ ಒಬ್ಬರೇ ಇರುವುದು, ಹನ್ನೊಂದರಿಂದ ಒಂದರವರೆಗೆ ಲೈಬ್ರರಿಯಲ್ಲಿರುತ್ತಾರೆ. ಬೀಗ ಬಂದಾಗ ಆ ಹೊತ್ತಿಗೆ ಹೋಗಿ ಬಾಗಿಲು ಕಾಯುವುದು ಬೇಡ ಎಂದು ಬರೆದದ್ದು. ಪಟ್ಟಿಯನ್ನು ತಮ್ಮ ಟೈಪ್ ಮಾಡಿಸಿ ನಗರಸಭೆಗೆ ಕೊಟ್ಟ.

ನಮ್ಮ ಘನಂದಾರಿ ನಗರಸಭೆ ಏನು ಮಾಡಿತು ಗೊತ್ತೇ? ಯೋಜನೆಯ ಪ್ರಗತಿ ಜನಕ್ಕೆ ಕಾಣಲಿ ಎಂದು ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕಚೇರಿ ಮುಂದಿನ ಬೋರ್ಡಿಗೆ ಚುಚ್ಚಿತು. ತಲೆಬರಹ: 'ಬೀಗ ಅಳವಡಿಸಲು ಬಾಕಿ ಇರುವ ಮನೆಗಳು'. ಕೆಳಗೆ ಚಿಲಕ, ಕಿಟಕಿ, ಲೈಬ್ರರಿ, ಎಲ್ಲ. ಕಳ್ಳರಿಗೆ ಕಾಫಿ ಕೊಟ್ಟು ಕರೆಯುವುದೊಂದು ಬಾಕಿ.

ಬೀಗದಕ್ಕ ಅದನ್ನು ನೋಡಿದಳು. ತಮ್ಮನನ್ನು ಅಲ್ಲಿಗೇ ಕರೆಸಿದಳು. ಅವನು ಓದಿ ನಾಲಿಗೆ ಕಚ್ಚಿಕೊಂಡ. ಇವತ್ತೇ ತೆಗೆಸುತ್ತೇನೆ, ನೀನು ಯಾರ ಹತ್ತಿರವೂ ಬಾಯಿಬಿಡಬೇಡ, ಎರಡೂ ಕಡೆಯವರ ಮರ್ಯಾದೆ ಹೋಗುತ್ತದೆ ಅಂದ. ಅವಳು ನಂಬಿ ಸುಮ್ಮನಾದಳು. ಪಟ್ಟಿ ಇನ್ನೂ ಒಂಬತ್ತು ದಿನ ಅಲ್ಲೇ ಇತ್ತು ಎಂದು ಆಮೇಲೆ ಎದುರಿನ ಪೇಪರ್ ಮಾರುವವನು ಹೇಳಿದ. ಬಂದು ಸಾಕ್ಷಿ ಹೇಳಪ್ಪಾ ಅಂದದ್ದಕ್ಕೆ ಕೈಮುಗಿದುಬಿಟ್ಟ.

ಒಂದೇ ವಾರದಲ್ಲಿ ನಾಲ್ಕು ಮನೆ ಒಡೆದರು, ಪಟ್ಟಿಯಲ್ಲಿದ್ದ ಕ್ರಮದಲ್ಲೇ. ಟೀಚರಮ್ಮನ ಮನೆಯಲ್ಲಿ ಅವರ ತಾಯಿಯ ಕಾಲದ ಒಂದು ಜೊತೆ ಬಳೆ ಹೋಯಿತು. ಬೀಗದಕ್ಕ ನಗರಸಭೆಗೆ ಓಡಿದಾಗ ಬೋರ್ಡಿನಲ್ಲಿ ನಾಲ್ಕು ಪಿನ್ನು ಮಾತ್ರ ಉಳಿದಿದ್ದವು.

ಜಂಟಿ ಸಭೆ ಕರೆದರು. ಪಟ್ಟಿ ಕಚೇರಿಯ ಬೀರು ಬಿಟ್ಟು ಆಚೆ ಹೋಗಿಲ್ಲ ಎಂದರು ನಗರಸಭೆಯ ಅಧಿಕಾರಿ. ಠಾಣೆಯಿಂದಲೂ ಹೋಗಿಲ್ಲ ಎಂದರು ಇನ್ಸ್‌ಪೆಕ್ಟರ್. ಕೈಜೋಡಿಸಿದರು ಎಂದೆನಲ್ಲ, ನಿಜವಾಗಿ ಜೋಡಿಸಿದ್ದು ಅವತ್ತು. ಬೀಗದಕ್ಕ ಎದ್ದು ನಿಂತು, ಪಟ್ಟಿ ಬೋರ್ಡಿನಲ್ಲಿತ್ತು, ನನ್ನ ತಮ್ಮನೂ ಕಣ್ಣಾರೆ ನೋಡಿದ್ದಾನೆ ಅಂದಳು. ಎಲ್ಲರೂ ಅವನ ಕಡೆ ತಿರುಗಿದರು. ಅವನು ತೊಡೆಯ ಮೇಲಿದ್ದ ಟೋಪಿ ನೋಡುತ್ತ ಕೂತಿದ್ದ.

"ನಾನು ನೋಡಿಲ್ಲ ಸಾರ್. ಪಟ್ಟಿ ಬರೆದೋರು ಅವರು."

ಅವರಂತೆ. ಹುಟ್ಟಿದಾಗಿನಿಂದ ಅಕ್ಕ ಅಂದ ಬಾಯಿ. ಕಳ್ಳಿ ಅಂದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಟೀಚರಮ್ಮ ಚೀಲ ಎತ್ತಿಕೊಂಡು, ಅವಳ ಮುಖ ನೋಡದೆ ಹೊರಟುಹೋದರು.

ಕೇಸಿಲ್ಲ, ಗೀಸಿಲ್ಲ. ಆದರೆ ಗೂಡಿನ ಮುಂದೆ ಜನ ನಿಲ್ಲುವುದು ನಿಂತಿತು. ನಾಲ್ಕು ದಿನಕ್ಕೆ ಬಂದದ್ದು ಒಂದು ಸೂಟ್‌ಕೇಸು, ಅದೂ ಪರವೂರಿನವರದು.

ಐದನೆಯ ದಿನ ಅಮ್ಮನನ್ನು ನೋಡಲು ಹೋದಳು. ಅಮ್ಮ ಇರುವುದು ತಮ್ಮನ ಮನೆಯಲ್ಲಿ. ಮಂಡಿನೋವಿನ ಅಮ್ಮ ಎದ್ದು ಬರುವುದು ಬೇಡವೆಂದು ಆ ಮನೆಯ ಕೀಲಿಕೈ ಒಂದು ಯಾವಾಗಲೂ ಇವಳ ಹತ್ತಿರ ಇರುತ್ತಿತ್ತು. ತೂರಿಸಿದಳು. ಅರ್ಧದಲ್ಲೇ ತಡೆಯಿತು. ಬಗ್ಗಿ ನೋಡಿದರೆ, ಬೀಗವೇ ಹೊಸದು.

ಅಮ್ಮ ಗೋಡೆ ಹಿಡಿದುಕೊಂಡು ಬಂದು ತೆಗೆದರು. ಯಾರೋ ಮೊನ್ನೆ ಬಂದು ಹಾಕಿಹೋದರು, ನಿನಗೆ ಪುರುಸೊತ್ತಿಲ್ಲವಂತೆ, ತಮ್ಮ ಹೇಳಿದ ಎಂದರು. ಪಾಪ, ಅಮ್ಮನಿಗೆ ಏನೂ ಗೊತ್ತಿರಲಿಲ್ಲ.

ಊರು ಅನುಮಾನಪಟ್ಟರೆ ಪಡಲಿ, ಊರಿಗೆ ಸತ್ಯ ಗೊತ್ತಿಲ್ಲ. ಇವನಿಗೆ ಗೊತ್ತಿತ್ತು. ಗೊತ್ತಿದ್ದೂ, ನಾಲ್ಕು ಜನ ನೋಡಲಿ ಎಂದು ಅಕ್ಕನಿಗೆ ಬೀಗ ಹಾಕಿಸಿದ್ದ.

ಬೆರಳು ತಾನಾಗಿ ಸ್ಕ್ರೂಗಳ ಮೇಲೆ ಹೋಯಿತು. ಅರ್ಧ ಇಂಚಿನವು. ಒಂದು ಒದೆಗೆ ಬೀಗದ ತಗಡಿನ ಸಮೇತ ಕಿತ್ತು ಬರುತ್ತವೆ. ಹಾಗೇ ಬಿಟ್ಟು ಹೋಗೋಣ ಅನ್ನಿಸಿತು, ಸುಳ್ಳೇಕೆ. ಆದರೆ ಮಧ್ಯಾಹ್ನವೆಲ್ಲ ಅಮ್ಮ ಈ ಬಾಗಿಲ ಹಿಂದೆ ಒಬ್ಬರೇ ಮಲಗುತ್ತಾರೆ. ಚೀಲದಿಂದ ಉದ್ದನೆಯ ಸ್ಕ್ರೂ ತೆಗೆದು, ಎಂಟನ್ನೂ ಬದಲಾಯಿಸಿ, ಬಾಗಿಲನ್ನು ಮೂರು ಸಲ ಜಗ್ಗಿ ನೋಡಿದಳು. ತನ್ನ ಹಳೆಯ ಕೀಲಿಕೈಯನ್ನು ಅಮ್ಮನ ಅಂಗೈಗೆ ಹಾಕಿದಳು.

"ಯಾಕೇ, ಕೂತ್ಕೊಳ್ಳಲ್ವಾ? ಅವನು ಬಂದ್ರೆ ಏನಂತ ಹೇಳ್ಲಿ?" ಅಂದರು ಅಮ್ಮ.

"ಬೀಗದೋರು ಬಂದಿದ್ರು ಅಂತ ಹೇಳಮ್ಮ" ಅಂದು ಮೆಟ್ಟಿಲಿಳಿದಳು.