ಹೇಳದೆ ಬಾರಿಸದ ಗಂಟೆ

ವಿಶ್ವವಿದ್ಯಾಲಯದ ಅಷ್ಟೂ ಕಟ್ಟಡಗಳ ಬೆಂಕಿ ಗಂಟೆ, ನೀರಿನ ಪಂಪು, ಗೋಡೆಗೆ ನೇತುಹಾಕಿದ ಕೆಂಪು ಸಿಲಿಂಡರು, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದವಳು ಒಬ್ಬಳೇ ಹೆಂಗಸು. ಹುಡುಗರು ಅವಳಿಗೆ ಗಂಟೆಯಕ್ಕ ಅಂತ ಹೆಸರಿಟ್ಟಿದ್ದರು. ಅವಳಿಗೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಅವಳ ಮಗಳಿಗೆ.

ಪ್ರತಿ ಬುಧವಾರ ಬೆಳಗಿನ ಟೀ ಹೊತ್ತಿಗೆ ಗಂಟೆಗಳ ಪರೀಕ್ಷೆ. ಜ್ವರ ಬಂದರೂ ಬುಧವಾರ ತಪ್ಪಿಸಿದವಳಲ್ಲ, ಆ ಬಗ್ಗೆ ಅವಳಿಗೆ ಒಳ್ಳೇ ಜಂಬವೂ ಇತ್ತು. ಬಾರಿಸುವ ಮುಂಚೆ ಒಂದೊಂದು ಕಟ್ಟಡಕ್ಕೂ ತಾನೇ ಹೋಗಿ, ಬಾಗಿಲಲ್ಲಿ ನಿಂತು, ತನ್ನ ಕಂಚಿನ ಕಂಠದಲ್ಲಿ ಸಾರಬೇಕು: "ಈಗ ಗಂಟೆ ಬಾರಿಸ್ತೀನಿ. ಬರೀ ಪರೀಕ್ಷೆ. ಯಾರೂ ಗಾಬರಿ ಬೀಳ್ಬೇಡಿ." ಮೈಕಿತ್ತು, ನೋಟೀಸ್ ಬೋರ್ಡಿತ್ತು. ಎರಡರ ಮೇಲೂ ಅವಳಿಗೆ ನಂಬಿಕೆಯಿಲ್ಲ. ಕೇಳಿಸಿಕೊಂಡರೋ ಇಲ್ಲವೋ ಅಂತ ಮುಖ ನೋಡಿಯೇ ತಿಳಿಯಬೇಕು ಅನ್ನುವುದು ಅವಳ ಹಟ.

ಲೈಬ್ರರಿಯ ಓದುವ ಕೋಣೆಗೂ ಹೀಗೆ ಬಂದು ಸಾರುವಾಗ, ಕಿಟಕಿ ಪಕ್ಕದ ಮೇಜಿನಲ್ಲಿ ಒಬ್ಬಳು ಹುಡುಗಿ ಪುಸ್ತಕದೊಳಗೆ ತಲೆ ಹುದುಗಿಸುತ್ತಿದ್ದಳು. ಅವಳೇ ಮಗಳು. ಆ ವರ್ಷವಷ್ಟೇ ಓದಲು ಸೇರಿದ್ದಳು. ಗಂಟೆಯಕ್ಕ ತನ್ನ ತಾಯಿ ಅಂತ ಗೆಳತಿಯರ ಹತ್ತಿರ ತುಟಿ ಪಿಟಕ್ಕೆಂದಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಬಾಯಿಬಿಟ್ಟಳು.

"ಅಮ್ಮಾ, ಲೈಬ್ರರಿಗೆ ಮಾತ್ರ ಬರ್ಬೇಡ. ಬಂದ್ರೂ ಮೆಲ್ಲಗೆ ಹೇಳು. ನೀನು ಹಾಗೆ ಕಿರುಚಿದ್ರೆ ಎಲ್ರೂ ನಗ್ತಾರೆ."

"ನಗ್ಲಿ ಬಿಡೇ. ಕೇಳಿಸ್ತು ಅಂತಾಯ್ತಲ್ಲ."

"ನಂಗೆ ನಾಚಿಕೆ ಆಗುತ್ತೆ."

ತಾಯಿಗೆ ಚುರುಕ್ಕೆಂದಿತು. ತೋರಿಸಿಕೊಳ್ಳಲಿಲ್ಲ.

"ಹೇಳ್ದೆ ಬಾರಿಸೋಳಲ್ಲ ನಾನು. ಹೇಳ್ದೇನೇ ಗಂಟೆ ಹೊಡ್ಕೊಳ್ತು ಅಂದ್ರೆ ಅದು ಬೆಂಕೀನೇ. ಆ ನಂಬಿಕೆ ಹೋದ್ರೆ ಗಂಟೆಗೇನು ಬೆಲೆ?" ಅಂದು ತಟ್ಟೆ ಎತ್ತಿಕೊಂಡು ಎದ್ದಳು.

ಅಂದಳೇನೋ ನಿಜ. ಆದರೆ ಆ ಬುಧವಾರ ಕಾಲು ಲೈಬ್ರರಿ ಕಡೆ ಏಳಲೇ ಇಲ್ಲ. ಕೊನೆಗೆ ನೋಡೋಣ ಅಂದುಕೊಂಡು ಮೊದಲು ಪಂಪಿನ ಮನೆಗೆ ಹೋದಳು. ಕೊಳವೆಯ ಒತ್ತಡ ಸರಿಯಿದೆಯೇ ಅಂತ ಮುಳ್ಳಿಗೆ ಕಣ್ಣಿಟ್ಟು ಬಗ್ಗಿದ್ದಾಗ ಲೈಬ್ರರಿಯ ಗಂಟೆ ಕಿರ್ರೋ ಅಂತ ಹೊಡೆದುಕೊಳ್ಳತೊಡಗಿತು.

"ಯಾರೋ ಅದು ಬಾರಿಸ್ತಿರೋದು?"

"ನೀವೇ ಬಾರಿಸೋಕೆ ಹೇಳಿರ್ತೀರಿ ಅಂದ್ಕೊಂಡೆ ಅಕ್ಕಾ. ಇವತ್ತು ಬುಧವಾರ ಅಲ್ವಾ?" ಅಂದ ಪಂಪಿನವನು, ತನ್ನ ಪಾಡಿಗೆ ಟೀ ಊದುತ್ತ.

ಅವಳು ಮುಳ್ಳು ಬಿಟ್ಟು ನೆಟ್ಟಗೆ ನಿಂತಳು. ಇವನೇ ಅಲ್ಲಾಡುತ್ತಿಲ್ಲ, ಲೈಬ್ರರಿಯಲ್ಲಿ ಕೂತವರು ಅಲ್ಲಾಡುತ್ತಾರೆಯೇ? ಬುಧವಾರ ತಪ್ಪಿಸಲಿಲ್ಲ ಅಂತ ಬೀಗಿದ್ದೇ ಬಂತು. ಗಂಟೆ ಹೊಡೆದರೆ ಸುಮ್ಮನೆ ಕೂತಿರಿ ಅಂತ ತಾನೇ ಇಡೀ ಕ್ಯಾಂಪಸ್ಸಿಗೆ ಪಾಠ ಹೇಳಿಕೊಟ್ಟ ಹಾಗಾಗಿತ್ತು. ಮಗಳು ಅಲ್ಲೇ, ಮಹಡಿಯ ಮೇಲೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆನೋ ಬಿದ್ದೆನೋ ಅಂತ ಓಡಿದಳು.

ಲೈಬ್ರರಿಯ ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಒಳಗೆ ಗೋಡೆಯ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ದೀಪ ತೋರಿಸಿದ್ದು ಪುಸ್ತಕ ಕಟ್ಟುವ ಬೈಂಡಿಂಗ್ ಕೋಣೆ, ಕೆಳಗೆ ಮೆಟ್ಟಿಲ ಬುಡದಲ್ಲೇ. ಮೇಲೆ ಹತ್ತಿ ಜನರನ್ನು ಎಬ್ಬಿಸಲೋ, ಬೆಂಕಿಗೆ ಹೋಗಲೋ? ಬೆಂಕಿ ಮೆಟ್ಟಿಲಿಗೆ ಬಂದರೆ ಮೇಲಿದ್ದವರಿಗೆ ದಾರಿಯೇ ಇಲ್ಲ. ಒಂದು ಗಳಿಗೆ ಅಲ್ಲೇ ನಿಂತುಬಿಟ್ಟಳು.

ಅಷ್ಟರಲ್ಲಿ ಮೇಲೆ ಕುರ್ಚಿಗಳು ದಡಬಡ ಸರಿದವು. ಮೆಟ್ಟಿಲ ಮೇಲೆ ಹುಡುಗರು, ಹುಡುಗಿಯರು, ಕನ್ನಡಕ ಕೈಯಲ್ಲಿ ಹಿಡಿದ ಲೈಬ್ರರಿಯನ್, ಎಲ್ಲರೂ ಒಬ್ಬರ ಹಿಂದೊಬ್ಬರು ಇಳಿದು ಬಂದರು. ಯಾಕೆ ಎದ್ದರು ಅಂತ ಕೇಳುವ ಹೊತ್ತಲ್ಲ. ಅವಳು ಸಿಲಿಂಡರು ಕಿತ್ತುಕೊಂಡು ಬೈಂಡಿಂಗ್ ಕೋಣೆಗೆ ತಿರುಗಿದಳು.

ಬಾಗಿಲು ತಾನಾಗೇ ಮುಚ್ಚಿಕೊಂಡು ಹೊಗೆಯನ್ನು ಒಳಗೇ ಹಿಡಿದಿತ್ತು. ಗಾಳಿ ಬರಲಿ ಅಂತ ಬೈಂಡರ್ ಅದು ಮುಚ್ಚದ ಹಾಗೆ ಇಟ್ಟಿಗೆ ಅಡ್ಡ ಇಡುತ್ತಿದ್ದ. ಹಿಂದಿನ ವಾರವಷ್ಟೇ ಅವಳು ಜಗಳವಾಡಿ ಆ ಇಟ್ಟಿಗೆ ಹೊತ್ತೊಯ್ದಿದ್ದಳು. ಅಂಗೈ ಹಿಂಭಾಗದಿಂದ ಬಾಗಿಲು ಮುಟ್ಟಿ ನೋಡಿದಳು, ಇನ್ನೂ ಕಾದಿರಲಿಲ್ಲ. ಬಗ್ಗಿ ಒಳಹೊಕ್ಕಳು. ಬೈಂಡರ್ ಮಹಾಶಯ ಅಂಟಿನ ಪಾತ್ರೆಯನ್ನು ಒಲೆಯ ಮೇಲೆ ಬಿಟ್ಟು ಟೀಗೆ ಹೋಗಿದ್ದ. ರಟ್ಟಿನ ರಾಶಿ ಉರಿಯುತ್ತಿತ್ತು. ಪಿನ್ನು ಎಳೆದು, ಉರಿಯ ಬುಡಕ್ಕೇ ಗುರಿಯಿಟ್ಟಳು. ಸಿಲಿಂಡರು ಬುಸ್ಸೆಂದಿತು, ಬೆಂಕಿ ತಣ್ಣಗಾಯಿತು.

ಮಸಿ ಮುಖ ಹೊತ್ತು ಹೊರಗೆ ಬಂದಾಗ ಲೈಬ್ರರಿಯನ್ ಎದುರಾದರು.

"ನಿಮ್ಮ ಬುಧವಾರದ ಗಂಟೆ ಅಂತ ನಾನೇ ಕೂತಿದ್ದೆ ಕಣಮ್ಮಾ. ಎಲ್ರೂ ಕೂತಿದ್ರು. ಒಬ್ಬಳು ಹುಡುಗಿ ಮೇಜು ಹತ್ತಿ ನಿಂತ್ಲು ನೋಡಿ! 'ಗಂಟೆಯಕ್ಕ ನನ್ನಮ್ಮ. ಅವ್ಳು ಹೇಳ್ದೆ ಬಾರಿಸೋಳಲ್ಲ. ಇವತ್ತು ಬಂದು ಹೇಳಿಲ್ಲ, ಇದು ಬೆಂಕೀನೇ, ಏಳ್ರೋ!' ಅಂದ್ಲು. ಅಬ್ಬಾ, ಏನು ಕಂಠ ಅಂತೀರಿ!"

"ಅದು ನಮ್ಮನೆ ಕಂಠ ಸಾರ್," ಅಂದಳು ಗಂಟೆಯಕ್ಕ. ಅವಳಿಗೆ ಆಗ ಆದ ಹೆಮ್ಮೆ ಇಷ್ಟು ವರ್ಷದ ಕೆಲಸದಲ್ಲಿ ಯಾವತ್ತೂ ಆಗಿರಲಿಲ್ಲ. ಮಗಳು ಗೆಳತಿಯರ ನಡುವಿನಿಂದ ಬಂದು, ಎಲ್ಲರೆದುರೇ ತೋಳಿನಿಂದ ಅಮ್ಮನ ಮುಖದ ಮಸಿ ಒರೆಸಿದಳು.

ಬುಧವಾರದ ಕಟ್ಟಳೆ ಅಂದಿಗೇ ಮುಗಿಯಿತು. ಈಗ ಯಾವ ದಿನ, ಯಾವ ಹೊತ್ತಿಗೆ ಪರೀಕ್ಷೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಬಾಗಿಲಿಗೆ ಬಂದು ಹೇಳುವುದನ್ನು ಮಾತ್ರ ಅವಳು ಬಿಡಲಿಲ್ಲ. ಆಮೇಲೆ ಮೊದಲ ಸಲ ಓದುವ ಕೋಣೆಗೆ ಬಂದಾಗ ಮಗಳ ಹಳೇ ಮಾತು ನೆನಪಾಗಿ, ದನಿ ತಗ್ಗಿಸಿ ಶುರು ಮಾಡಿದಳು: "ಈಗ ಗಂಟೆ ಬಾರಿಸ್ತೀನಿ..."

ಕಿಟಕಿ ಪಕ್ಕದ ಮೇಜಿನಿಂದ ಒಂದು ತಲೆ ಮೇಲೆದ್ದಿತು.

"ಅಮ್ಮಾ, ಜೋರಾಗಿ ಹೇಳು. ಹಿಂದೆ ಕೂತೋರಿಗೆ ಕೇಳಿಸ್ತಿಲ್ಲ."